ಜಪ್ಪಡ್ ಅಂಕಲ್ ಅವರ ಎರಡು ಸೀಟಿನ ಕಾರು

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಹೋದ ತಿಂಗಳು ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಂಡ. ಎರಡು ಬಾಗಿಲು, ಎರಡು ಸೀಟು, ನೆಲಕ್ಕೆ ಅಂಟಿಕೊಂಡಂತೆ ಕೂತಿರುವ ಗಾಡಿ. ಕೆಲವು ವರ್ಷಗಳ ಹಿಂದೆ ಇವುಗಳ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತಂತೆ. ಈಗ ಒಂದು ಹೊಸ ಸಣ್ಣ ಫ್ಯಾಮಿಲಿ ಕಾರಿಗಿಂತ ಕಡಿಮೆಗೆ ಒಳ್ಳೆಯ ಗಾಡಿ ಸಿಗುತ್ತದಂತೆ. ಇನ್ನು ಸ್ವಲ್ಪ ವರ್ಷ ಬಿಟ್ಟರೆ ಇವೆಲ್ಲ ದುಡ್ಡಿದ್ದವರ ಗ್ಯಾರೇಜು ಸೇರಿ ಮತ್ತೆ ಏರುತ್ತವಂತೆ. ನನ್ನ ಕಾಫಿ ಆರುವವರೆಗೂ ಹೇಳಿದ. ನಾನು ಕಾರ್ ಇನ್ಶೂರೆನ್ಸಿನ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆವರೆಗೆ ಜಜ್ಜಿಹೋದ ಬಂಪರು, ಒಡೆದ ಗಾಜು, ಮಡಚಿಕೊಂಡ ಬಾನೆಟ್ಟುಗಳ ಫೋಟೋ ನೋಡಿ ಸಂಬಳ ತೆಗೆದುಕೊಳ್ಳುತ್ತೇನೆ. ಕಾರಿನ ಬಗ್ಗೆ ಯಾರಾದರೂ ಪ್ರೀತಿಯಿಂದ ಮಾತಾಡಿದರೆ ನನಗೆ ಆಕಳಿಕೆ ಬರುತ್ತದೆ. ಆದರೆ ಆವತ್ತು ಸಂಜೆ ಅವನು ಸ್ಟೇಶನ್ನಿನವರೆಗೆ ಬಿಡುತ್ತೇನೆ ಎಂದು ಆ ಕಾರಿನ ಬಾಗಿಲು ತೆಗೆದಾಗ ನಾನು ಕೂರದೆ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಜಪ್ಪಡ್ ಅಂಕಲ್ ನೆನಪಾದರು. ಅವರು ತೀರಿಕೊಂಡು ಅರ್ಧ ವರ್ಷವಾಗಿತ್ತು. ಅವರ ಬಗ್ಗೆ ನಾನು ಇನ್ನೂ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಜಪ್ಪಡ್ ಅವರ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಒಳ್ಳೆಯ ಉದ್ದನೆಯ ಹೆಸರಿತ್ತು. ಕೆಲಸದ ಜಾಗದಲ್ಲಿ ಅದನ್ನು ಅರ್ಧಕ್ಕೆ ಕತ್ತರಿಸಿ ಕರೆಯುತ್ತಿದ್ದರು, ನಾವು ಪೂರ್ತಿ ಬಿಟ್ಟುಬಿಟ್ಟಿದ್ದೆವು. ಅವರು ಉಡುಪಿ ಕಡೆಯವರು, ಮನೆಮಾತು ತುಳು. ತುಳುವಿನಲ್ಲಿ ‘ಜಪ್ಪು’ ಎಂದರೆ ಇಳಿ. ‘ಜಪ್ಪುಲೆ’ ಎಂದರೆ ಇಳಿಯಿರಿ. ‘ಜಪ್ಪಡ್’ ಎಂದರೆ ಇಳಿಯಲಿ. ಆಗ ನನಗೆ ಬರುತ್ತಿದ್ದ ತುಳು ಇಷ್ಟೇ, ಅದೂ ಅವರಿಂದಲೇ ಬಂದದ್ದು.

ಸಿಡ್ನಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಅವರ ಕೆಲಸ. ಹಾಗಾಗಿ ಪರಿಚಯದವರೆಲ್ಲ ತಮ್ಮ ಶುಗರು, ಕೊಲೆಸ್ಟರಾಲು ಎಷ್ಟಿದೆ ಎಂದು ಅವರಿಗೆ ಒಪ್ಪಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಅವರು ‘ಜಪ್ಪಡ್’ ಎನ್ನುತ್ತಿದ್ದರು. ಮಾರ್ಟ್‌ಗೇಜಿನ ಬಡ್ಡಿ ಏರಿತು ಎಂದರೂ ಜಪ್ಪಡ್. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬ್ಯಾಗು ಸಮೇತ ಅವರ ಮನೆಗೆ ಬಂದವಳಿಗೂ ಒಂದು ಲೋಟ ಕಾಫಿ, ಒಂದು ಜಪ್ಪಡ್. ನನಗೆ ಮೊದಮೊದಲು ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಇಳಿಯಲಿ ಎಂದು ಕೂತರೆ ಯಾವುದು ತಾನಾಗಿ ಇಳಿಯುತ್ತದೆ? ಅವರಿಗೆ ಮಾತ್ರ ಆ ಬಗ್ಗೆ ಅನುಮಾನವಿರಲಿಲ್ಲ.

ನಾನು ದಾವಣಗೆರೆಯಿಂದ ಓದಲಿಕ್ಕೆಂದು ಸಿಡ್ನಿಗೆ ಬಂದಾಗ ಏರ್‌ಪೋರ್ಟಿಗೆ ಬಂದವರು ಅವರು ಮತ್ತು ಆಂಟಿ. ನನ್ನ ಅಪ್ಪನ ಸ್ನೇಹಿತರ ಪರಿಚಯದವರ ಪರಿಚಯ. ಅಂಥ ಎಳೆ ಸಿಕ್ಕರೂ ಸಾಕು, ಅವರು ವ್ಯಾನು ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಎಂಟು ಸೀಟಿನ ಬಿಳಿ ವ್ಯಾನು. ನಾನು ಹಿಂದೆ ಕೂರಲು ಹೋದರೆ ಆಂಟಿ ತಡೆದರು.

“ಮುಂದೆ ಕೂತ್ಕೋ ಮಾರಾಯ್ತಿ, ಸಿಡ್ನಿ ಕಾಣ್ತದೆ. ನಾನು ದಿನಾ ನೋಡುವುದೇ ಅಲ್ವಾ.”

ಹೀಗೆಂದವರು ಸೀದಾ ಕೊನೆಯ ಸಾಲಿಗೆ ಹೋಗಿ, ಒಂದು ಅಕ್ಕಿ ಮೂಟೆ ಮತ್ತು ನನ್ನ ಸೂಟ್‌ಕೇಸುಗಳ ನಡುವೆ ಜಾಗ ಮಾಡಿಕೊಂಡು ಕೂತರು. ನಾನು ಮುಂದೆ ಕೂತು ಸಿಡ್ನಿ ನೋಡಿದೆ.

ಆಮೇಲೆ ಗೊತ್ತಾಯಿತು, ಆ ವ್ಯಾನಿನ ಮುಂದಿನ ಸೀಟು ಅತಿಥಿಯದು. ಹೊಸದಾಗಿ ಬಂದ ವಿದ್ಯಾರ್ಥಿಯದು, ಮಗಳ ಬಾಣಂತನಕ್ಕೆ ಬಂದ ಯಾರದೋ ಅಮ್ಮನದು, ತಾಮ್ರದ ಚೊಂಬು ಹಿಡಿದ ಪುರೋಹಿತರದು, ಬಸ್ಸಿನಲ್ಲಿ ವಾಂತಿ ಬರುತ್ತದೆ ಎನ್ನುವ ಯಾರದೋ ಮಾವನದು. ಕೊನೆಯ ಸಾಲು ಆಂಟಿಯದು. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಬಡಿಸುವವಳು ಎಲ್ಲರದೂ ಆದ ಮೇಲೆ ಉಣ್ಣುವ ಹಾಗೆ ಅವರು ಎಲ್ಲರೂ ಹತ್ತಿದ ಮೇಲೆ ಹತ್ತುತ್ತಿದ್ದರು. ಶನಿವಾರ ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಗಳಿಗೆ ಸಾಮಾನಿಗೆ ಹೋಗುವಾಗ, ಭಾನುವಾರ ದೇವಸ್ಥಾನಕ್ಕೆ ಹೋಗುವಾಗ, ಯಾವಾಗ ನೋಡಿದರೂ ವ್ಯಾನಿನಲ್ಲಿ ಯಾರಾದರೂ ಒಬ್ಬ ಅತಿಥಿ ಇದ್ದೇ ಇರುತ್ತಿದ್ದರು. ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕಿಬಿಡುತ್ತಿದ್ದರು.

ಒಬ್ಬೊಬ್ಬರನ್ನೇ ಅವರವರ ಮನೆ ಮುಂದೆ ಬಿಡುವಾಗ ಅಂಕಲ್ ತಮ್ಮ ಊರಿನ ಬಸ್ ಕಂಡಕ್ಟರುಗಳಂತೆ “ಜಪ್ಪುಲೆ, ಜಪ್ಪುಲೆ” ಎಂದು ಕೂಗುತ್ತಿದ್ದರು. ಅವರ ಮನೆಯ ಹಿಂದಿನ ರೂಮಿನಲ್ಲಿ ಒಬ್ಬ ನೇಪಾಳಿ ವಿದ್ಯಾರ್ಥಿ ಬಾಡಿಗೆಗೆ ಇದ್ದ. ಇಳಿಯುವ ಹೊತ್ತಿಗೆ ಪ್ರತಿ ಸಲವೂ ಇದನ್ನೇ ಕೇಳಿ, ನಮ್ಮ ಭಾಷೆಯಲ್ಲಿ ‘ಹೋಗಿ ಬರುತ್ತೇನೆ’ ಎನ್ನಲು ಇದೇ ಮಾತು ಎಂದು ಅವನು ತಿಳಿದುಕೊಂಡ. ಕಾಲೇಜಿನ ಮುಂದೆ ವ್ಯಾನಿನಿಂದ ಇಳಿದು, ಬಾಗಿಲು ಎಳೆದು, ಕೈ ಎತ್ತಿ ಗಂಭೀರವಾಗಿ “ಜಪ್ಪುಲೆ ಅಂಕಲ್” ಎನ್ನುತ್ತಿದ್ದ. ಅಂಕಲ್ ತಿದ್ದಲಿಲ್ಲ. ತಾವೂ ಅಷ್ಟೇ ಗಂಭೀರವಾಗಿ “ಜಪ್ಪುಲೆ” ಎಂದು ಹೊರಡುತ್ತಿದ್ದರು.

ಇಂಥ ಮನುಷ್ಯನಿಗೆ ಒಂದೇ ಒಂದು ಚಟವಿತ್ತು. ಭಾನುವಾರ ಬಿಡುವಾದರೆ ಪ್ಯಾರಮಾಟಾ ರೋಡಿನ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗಳಿಗೆ ಹೋಗಿ ಜಪಾನಿ ಸ್ಪೋರ್ಟ್ಸ್ ಕಾರುಗಳನ್ನು ನೋಡಿ ಬರುವುದು. ಕೊಳ್ಳುವುದಿಲ್ಲ, ಓಡಿಸಿ ನೋಡುತ್ತೇನೆ ಎಂದು ಕೇಳುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆ ಮನೆಯಲ್ಲಿ ಅಡುಗೆ ನೋಡಲು ಬಂದ ಹಿರಿಯರಂತೆ ಸುತ್ತುತ್ತಿದ್ದರು. ನನ್ನನ್ನೂ ಕೆಲವು ಸಲ ಎಳೆದುಕೊಂಡು ಹೋಗಿದ್ದಾರೆ. ಬೇರೆ ಗಂಡಸರು ಬಾನೆಟ್ ತೆಗೆಸಿ ಇಂಜಿನ್ ನೋಡುತ್ತಿದ್ದರು, ಟೈರು ಒದೆಯುತ್ತಿದ್ದರು, ಸ್ಟೇರಿಂಗ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರು ಕಾರಿನ ಎಡಗಡೆಗೆ ಹೋಗಿ, ಡ್ರೈವರಿನ ಪಕ್ಕದ ಸೀಟಿನ ಬಾಗಿಲು ತೆಗೆದು, ಬಗ್ಗಿ, ಆ ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಚಪಾತಿ ಹಿಟ್ಟು ನೆನೆದಿದೆಯೇ ಎಂದು ನೋಡುವ ಹಾಗೆ. ಆಮೇಲೆ ಗಾಜಿನ ಮೇಲೆ ಅಂಟಿಸಿದ ಬೆಲೆ ಓದಿ, ಜಪ್ಪಡ್ ಎಂದು ವ್ಯಾನು ಹತ್ತುತ್ತಿದ್ದರು.

ಕೊಳ್ಳದೆ ಇರುವುದಕ್ಕೆ ಕಾರಣಗಳು ಬದಲಾಗುತ್ತಾ ಹೋದವು. ಮಗ ಚಿಕ್ಕವನಿದ್ದಾಗ ಎರಡು ಸೀಟಿನ ಕಾರಿನಲ್ಲಿ ಅವನನ್ನು ಎಲ್ಲಿ ಕೂರಿಸುವುದು? ಮಗ ದೊಡ್ಡವನಾಗಿ ಬ್ರಿಸ್ಬೇನ್ ಸೇರಿದ ಮೇಲೆ ಆ ಕಾರುಗಳ ಬೆಲೆ ಏರತೊಡಗಿತು. ಲಾಕ್‌ಡೌನಿನಲ್ಲಂತೂ ಮನೆಯಲ್ಲಿ ಕೂತು ಬೇಜಾರಾದವರೆಲ್ಲ ಇದ್ದಬದ್ದ ದುಡ್ಡು ಹಾಕಿ ಇವನ್ನೇ ಕೊಂಡರು. ತುಕ್ಕು ಹಿಡಿದ ಗಾಡಿಗೂ ರಾಜಮರ್ಯಾದೆ. ನಾನು ಅಷ್ಟು ಹೊತ್ತಿಗೆ ಕೆಲಸ ಸಿಕ್ಕಿ ಮೆಲ್ಬೋರ್ನಿಗೆ ಬಂದಿದ್ದೆ. ಫೋನಿನಲ್ಲಿ ರೇಗಿಸುತ್ತಿದ್ದೆ, ಅಂಕಲ್, ನಿಮ್ಮ ಜಪಾನು ಇನ್ನೂ ಜಪ್ಪಲಿಲ್ಲವಾ ಎಂದು. “ಜಪ್ಪದೆ ಎಲ್ಲಿಗೆ ಹೋಗ್ತದೆ ಮಾರಾಯ್ತಿ” ಎನ್ನುತ್ತಿದ್ದರು.

ಇಳಿಯಿತು. ಬಡ್ಡಿ ಏರಿತು, ಹಾಗೆ ಕೊಂಡವರಿಗೆ ಮದುವೆಯಾಯಿತು, ಮಕ್ಕಳಾದವು. ಆಟಿಕೆಯ ಹಾಗೆ ಇಟ್ಟುಕೊಂಡ ಕಾರುಗಳು ಒಂದೊಂದಾಗಿ ಮಾರಾಟಕ್ಕೆ ಬಂದವು. ಪೆನ್ರಿತ್‌ನಲ್ಲಿ ಒಬ್ಬಾತ ತನ್ನ ಕಡುನೀಲಿ ಬಣ್ಣದ, ಮೇಲಿನ ಬಟ್ಟೆ ಮಡಚಿದರೆ ಆಕಾಶ ಕಾಣುವ ಕಾರನ್ನು ಮಾರುತ್ತಿದ್ದ. ಹೆಂಡತಿ ತುಂಬು ಗರ್ಭಿಣಿ, ಮಗುವಿನ ಸೀಟು ಇದರಲ್ಲಿ ಹಿಡಿಸುವುದಿಲ್ಲ ಎಂದು ಬೇಸರದಿಂದ ಹೇಳಿದನಂತೆ. ಅಂಕಲ್ ಎಂದಿನಂತೆ ಪಕ್ಕದ ಸೀಟು ಒತ್ತಿ ನೋಡಿದರು. ಚೌಕಾಸಿ ಮಾಡದೆ ಕೊಂಡರು. ಬ್ರಿಸ್ಬೇನಿನ ಮಗ ಸುದ್ದಿ ಕೇಳಿ “ಡ್ಯಾಡ್, ಯುವರ್ ಮಿಡ್‌ಲೈಫ್ ಕ್ರೈಸಿಸ್ ಈಸ್ ಟೂ ಲೇಟ್” ಅಂದನಂತೆ. ನಾನೂ ಸರಿಸುಮಾರು ಅದನ್ನೇ ಕನ್ನಡದಲ್ಲಿ ಅಂದುಕೊಂಡೆ. ಅರುವತ್ತು ದಾಟಿದ ಮನುಷ್ಯ, ಎಂಟು ಸೀಟು ಸಾಲದೆ ಜನ ಒತ್ತಿಕೊಂಡು ಕೂರುವ ಮನೆ, ಅಲ್ಲಿಗೆ ಎರಡು ಸೀಟಿನ ಕಾರು!

ಆ ಶನಿವಾರ ನಾನು ಊರಿನಿಂದ ಬಂದಿದ್ದ ಅಪ್ಪನಿಗೆ ಸಿಡ್ನಿ ತೋರಿಸಲು ಕರೆದುಕೊಂಡು ಹೋಗಿ ಟೂಂಗಾಬಿಯ ಅವರ ಮನೆಯಲ್ಲೇ ಉಳಿದಿದ್ದೆ. ಡ್ರೈವ್‌ವೇಯಲ್ಲಿ ಕಾರಿಗೆ ಪೂಜೆ. ಆಂಟಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಆರತಿ ಬೆಳಗಿ, ಹಾರ ತಂದರು. ಪ್ರತಿ ವರ್ಷ ಆಯುಧಪೂಜೆಗೆ ವ್ಯಾನಿಗೆ ಕಟ್ಟಿಸುವ ಅಳತೆಯ ಹಾರ. ಈ ಕಾರಿಗೆ ಅದು ಎರಡು ಸುತ್ತು ಬಂದು ಇನ್ನೂ ನೆಲಕ್ಕೆ ಬೀಳುತ್ತಿತ್ತು. ಅಪ್ಪ ಕಾರಿನ ಸುತ್ತ ಒಂದು ಸಲ ನಡೆದು “ಏನ್ರೀ ಸರ್, ಗಾಡಿ ನೆಲಕ್ಕೆ ಹತ್ತೈತಲ್ರೀ” ಎಂದರು.

ಪೂಜೆ ಮುಗಿಯಿತು. ಅಂಕಲ್ ಎಡಗಡೆಯ ಬಾಗಿಲು ತೆಗೆದು ಹಿಡಿದು ಆಂಟಿಯನ್ನು ನೋಡಿದರು. ಆಂಟಿ ಹತ್ತಿರ ಬಂದರು, ಬಗ್ಗಿ ಒಳಗೆ ನೋಡಿದರು. ಮುಂದಿನ ಸೀಟಿನ ಬೆನ್ನಿಗೆ ಕೈ ಹಾಕಿ ಅದು ಮುಂದಕ್ಕೆ ಮಡಚುತ್ತದೆಯೋ ಎಂದು ಎಳೆದರು, ಹಿಂದೆ ಇಣುಕಿದರು. ಅಲ್ಲಿ ಒಂದು ಗೇಣು ಜಾಗವೂ ಇರಲಿಲ್ಲ.

“ನಾನು ಕೂರುವುದು ಎಲ್ಲಿ?” ಎಂದು ಕೇಳಿದರು.

ನಾವೆಲ್ಲ ನಕ್ಕೆವು. ಅಂಕಲ್ ನಗಲಿಲ್ಲ. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಂಟಿ ನನ್ನ ಅಪ್ಪನ ಕಡೆ ತಿರುಗಿ, ನೀವು ಕೂತ್ಕೊಳ್ಳಿ, ಅಷ್ಟು ದೂರದಿಂದ ಬಂದಿದ್ದೀರಿ, ಒಂದು ರೌಂಡ್ ಹೋಗಿ ಬನ್ನಿ ಎಂದರು. ಅಪ್ಪ ಬೇಡವೆನ್ನುವ ಜಾಯಮಾನದವರಲ್ಲ. ಪಂಚೆ ಎತ್ತಿ ಕಟ್ಟಿ, ಬಾವಿಗೆ ಇಳಿಯುವವರಂತೆ ಜೋಪಾನವಾಗಿ ಕಾಲಿಟ್ಟು ಕೂತೇಬಿಟ್ಟರು. ಹೂವಿನ ಹಾರ ಎಳೆದುಕೊಂಡು ಕಾರು ಹೊರಟಿತು.

ಆವತ್ತಿನಿಂದ ಅದೇ ಕ್ರಮವಾಯಿತು. ಅಂಕಲ್ ಕಾರು ಹೊರಗೆ ತೆಗೆಯುವುದು, ಆಂಟಿ ಅತಿಥಿಯನ್ನು ಅದರಲ್ಲಿ ಕೂರಿಸಿ ಕಳಿಸುವುದು. ಪಕ್ಕದ ಮನೆಯ ಲೆಬನೀಸ್ ಅಜ್ಜಿ ಕೂತರು. ದೇವಸ್ಥಾನದ ಪುರೋಹಿತರು ಶಲ್ಯ ಹಾರದಂತೆ ಕಚ್ಚಿ ಹಿಡಿದು ಕೂತರು. ಪೆಂಡಲ್ ಹಿಲ್‌ನ ಅಂಗಡಿಯವರು ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದೇ ಕೂತರು. ಕಾಣದವರು, ಕೇಳದವರು ಎಲ್ಲ ಅದರಲ್ಲಿ ಒಂದು ರೌಂಡ್ ಹೋದರು. ಆಂಟಿಯನ್ನು ಕೇಳಿದರೆ, ನಾನು ಮನೆಯವಳು, ನನಗೆ ಯಾವಾಗ ಬೇಕಾದರೂ ಉಂಟಲ್ಲ ಎನ್ನುತ್ತಿದ್ದರು. ಅತಿಥಿ ಯಾರೂ ಇಲ್ಲದ ದಿನ ಮಂಡಿ ನೋವು ಎನ್ನುತ್ತಿದ್ದರು. ಮಂಡಿ ನೋವು ಸುಳ್ಳಲ್ಲ, ಅಷ್ಟು ತಗ್ಗಿನ ಸೀಟಿಗೆ ಕೂತು ಏಳುವುದು ಅವರಿಗೆ ಸುಲಭವೂ ಅಲ್ಲ. ಆದರೆ ನೆಲದ ಮೇಲೆ ಕೂತು ಐವತ್ತು ಜನಕ್ಕೆ ತೆಂಗಿನಕಾಯಿ ತುರಿಯುವಾಗ ಆ ಮಂಡಿ ಎಲ್ಲಿರುತ್ತಿತ್ತೋ.

ಇನ್ನೊಂದು ಸಲ ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋದಾಗ ನನ್ನ ಸರದಿ ಬಂತು. ಆಂಟಿ ಹೆಚ್ಚುಕಡಿಮೆ ನೂಕಿಯೇ ಕೂರಿಸಿದರು. ಜಪ್ಪಡ್ ಅಂಕಲ್ ಆ ಕಾರನ್ನು ಓಡಿಸುತ್ತಿದ್ದ ರೀತಿ ನೋಡಿದ್ದರೆ ಅದನ್ನು ತಯಾರಿಸಿದ ಜಪಾನಿಗಳು ಕಣ್ಣೀರು ಹಾಕುತ್ತಿದ್ದರು. ಎಡಗಡೆಯ ಲೇನು, ಅರುವತ್ತರ ರಸ್ತೆಯಲ್ಲಿ ಐವತ್ತೈದು. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಕೈ ಬೀಸಿ ದಾರಿ ಬಿಡುತ್ತಿದ್ದರು. ನಾನು ಸುಮ್ಮನಿರಲಾರದೆ ಕೇಳಿದೆ, ಹೀಗೆ ಓಡಿಸುವುದಾದರೆ ಇಷ್ಟು ವರ್ಷ ಕಾದು ಈ ಕಾರು ಯಾಕೆ ಬೇಕಿತ್ತು ಅಂಕಲ್ ಎಂದು.

ಅವರು ಸಿಗ್ನಲ್ಲಿಗೆ ನಿಲ್ಲಿಸಿದರು. ಮೇಲಿದ್ದ ಕನ್ನಡಿಯ ಕಡೆ ಬೆರಳು ತೋರಿಸಿದರು.

“ವ್ಯಾನಿನಲ್ಲಿ ಇಷ್ಟು ವರ್ಷ ಇವಳನ್ನು ನಾನು ಇದರಲ್ಲೇ ಕಂಡದ್ದು ಮಾರಾಯ್ತಿ. ಈ ಕನ್ನಡಿಯಲ್ಲಿ. ಅದೂ ಅರ್ಧ. ಇನ್ನರ್ಧ ಅಕ್ಕಿ ಮೂಟೆ.”

ಈ ಕಾರಿನಲ್ಲಿ ಹಿಂದಿನ ಸೀಟೇ ಇಲ್ಲವಲ್ಲ, ಎಲ್ಲಿಗೆ ಹೋಗ್ತಾಳೆ ಅಂತ ನೋಡಿದ್ದು, ಅವಳು ಇದಕ್ಕೂ ಅತಿಥಿ ಹುಡುಕಿದಳು ಎಂದರು. ಹಾಗಾದರೆ ಬಾಯಿಬಿಟ್ಟು ಹೇಳಬಾರದೇ, ಕೂತೇ ಕೂರುತ್ತಾರೆ ಎಂದೆ.

“ಹೇಳಿದರೆ ನನಗೋಸ್ಕರ ಕೂರ್ತಾಳೆ,” ಎಂದರು. “ಅದೂ ಒಂದು ಬಡಿಸಿದ ಹಾಗೇ ಆಯ್ತಲ್ಲ.”

ಸಿಗ್ನಲ್ ಹಸಿರಾಯಿತು. ನಾನು ಕೂತಿದ್ದ ಸೀಟು ನನಗೆ ಚುಚ್ಚತೊಡಗಿತು. ಮನೆ ಮುಂದೆ ಕಾರು ನಿಲ್ಲಿಸಿ ಅವರು ಎಂದಿನ ಧ್ವನಿಯಲ್ಲೇ “ಜಪ್ಪುಲೆ” ಎಂದರು. ಬಾಗಿಲಲ್ಲಿ ನಿಂತಿದ್ದ ಆಂಟಿ, ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು, ನೀವೊಂದು ಸಲ ಕೂತು ನೋಡಿ ಎಂದೆ. ದೋಸೆ ಹಿಟ್ಟು ಹುಳಿ ಬರುತ್ತದೆ ಎಂದು ಒಳಗೆ ಹೋದರು.

ಆ ವರ್ಷ ನಾನು ಮತ್ತು ನನ್ನ ಗಂಡ ಮೆಲ್ಬೋರ್ನಿನ ಟಾರ್ನೀಟ್‌ನಲ್ಲಿ ಮನೆ ಕಟ್ಟಿಸಿದೆವು. ಸೆಪ್ಟೆಂಬರಿನಲ್ಲಿ ಗೃಹಪ್ರವೇಶ. ನನಗೆ ಅಮ್ಮ ಇಲ್ಲ. ಹಾಲು ಉಕ್ಕಿಸಲು ಆಂಟಿಯೇ ಬರಬೇಕೆಂದು ಹೇಳಿದ್ದೆ. ಅವರು ಒಪ್ಪಿದರು. ಅಂಕಲ್ ಆ ಕಾರಿನಲ್ಲೇ ಹೋಗುವ ಎಂದರಂತೆ. ಆಂಟಿ ಯಾವ ಉತ್ತರ ಕೊಟ್ಟರೋ ಗೊತ್ತಿಲ್ಲ, ಆದರೆ ಹೊರಡುವ ಮುಂಚಿನ ದಿನ ನನಗೆ ಫೋನು ಮಾಡಿದರು. ಧ್ವನಿಯಲ್ಲಿ ಸಿಟ್ಟಿತ್ತು.

ನಡೆದದ್ದು ಇಷ್ಟು. ದೇವಸ್ಥಾನದಲ್ಲಿ ಪರಿಚಯದವರೊಬ್ಬರು ಬಂದು, ಅಂಕಲ್, ನೀವು ಮೆಲ್ಬೋರ್ನಿಗೆ ಹೋಗುತ್ತೀರಂತೆ, ನನಗೂ ಮಗಳನ್ನು ನೋಡಿ ಬರಬೇಕಿತ್ತು, ಒಂದು ಸೀಟು ಸಿಗುತ್ತದೆಯೇ ಎಂದು ಕೇಳಿದರು. ಆಂಟಿ ಕೂಡಲೇ, ಬನ್ನಿ ಬನ್ನಿ, ನಾನು ಫ್ಲೈಟ್ ಬುಕ್ ಮಾಡ್ತೇನೆ, ನನಗೆ ಆ ಕಾರು ಆಗುವುದಿಲ್ಲ ಎಂದರು. ಅಂಕಲ್ ಮಾತ್ರ ಸೀಟ್ ಇಲ್ಲ ಎಂದುಬಿಟ್ಟರು. ಲಿಫ್ಟ್ ಕೇಳಿದವರಿಗೆ ಅವರು ಇಲ್ಲ ಎಂದದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬಂದವರು ತಮಾಷೆ ಇರಬೇಕೆಂದು, ಎರಡು ಸೀಟು ಇದೆಯಲ್ಲ ಅಂಕಲ್ ಎಂದು ನಕ್ಕರು.

“‘ಉಂಟು, ಎರಡೂ ಫುಲ್’ ಅಂತ ಹೇಳಿದರು ಮಾರಾಯ್ತಿ,” ಎಂದರು ಆಂಟಿ. “ಅಷ್ಟು ಜನರ ಎದುರಿಗೆ. ನನ್ನ ಮರ್ಯಾದೆ ಹೋಯ್ತು.”

ಫೋನು ಕಟ್ಟಾಯಿತೇನೋ ಎಂದು ಹಲೋ ಎಂದೆ. “ಎರಡೂ ಫುಲ್ ಅಂತೆ” ಎಂದು ಆಂಟಿ ಇನ್ನೊಂದು ಸಲ ಹೇಳಿದರು. ಈ ಸಲ ಸಿಟ್ಟು ಇರಲಿಲ್ಲ. ಅದನ್ನು ನನಗೆ ಹೇಳಿದ ಹಾಗೂ ಇರಲಿಲ್ಲ. ಆಮೇಲೆ ಚಕ್ಕುಲಿ ಎಷ್ಟು ತರಲಿ, ಆ ಕಾರಿನಲ್ಲಿ ಡಬ್ಬಿ ಇಡಲಿಕ್ಕೂ ಜಾಗ ಇಲ್ಲ ಎಂದು ಬೇರೆ ಮಾತಿಗೆ ಹೋದರು.

ಪೂಜೆಯ ಹಿಂದಿನ ದಿನ ಬರಬೇಕಾದವರು ಬರಲಿಲ್ಲ. ಆಂಟಿಯ ಫೋನು ಮಾತ್ರ ದಾರಿಯುದ್ದಕ್ಕೂ ಬರುತ್ತಿತ್ತು. ಗುಂಡಗೈ ಹತ್ತಿರ ಗುಡ್ಡಗುಡ್ಡವೇ ಹಳದಿ ಹೂವು, ನಿಲ್ಲಿಸಿ ನೋಡಿದೆವು ಎಂದರು. ಆಲ್ಬರಿಯಲ್ಲಿ ನದಿ ನೋಡಬೇಕು, ಇವತ್ತು ಇಲ್ಲೇ ಉಳಿದು ನಾಳೆ ಬೆಳಿಗ್ಗೆ ಸೀದಾ ಪೂಜೆಗೇ ಬರುತ್ತೇವೆ ಎಂದರು. ಸಿಡ್ನಿಗೆ ಬಂದು ಮೂವತ್ತು ವರ್ಷದ ಹತ್ತಿರವಾದ ಹೆಂಗಸು, ಈ ರಸ್ತೆಯಲ್ಲಿ ವ್ಯಾನಿನಲ್ಲಿ ಎಷ್ಟೋ ಸಲ ಓಡಾಡಿದವರು, ಮೊದಲ ಸಲ ನೋಡಿದವರಂತೆ ವರದಿ ಕೊಡುತ್ತಿದ್ದರು. ಇದೆಲ್ಲ ಮೊದಲೇ ನೋಡಿಲ್ಲವೇ ಆಂಟಿ ಎಂದೆ.

“ಹಿಂದೆ ಕೂತರೆ ಎಲ್ಲ ಹೋಗುವುದು ಕಾಣ್ತದೆ. ಮುಂದೆ ಕೂತರೆ ಬರುವುದು ಕಾಣ್ತದೆ,” ಎಂದರು. ಪಕ್ಕದಲ್ಲಿ ಅಂಕಲ್ ಏನೋ ತುಳುವಿನಲ್ಲಿ ಅಂದರು. ಆಂಟಿ ನಕ್ಕರು. ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಅದಾದ ಮೇಲೆ ಬೇಸಿಗೆ ಕಳೆಯಿತು, ಚಳಿಗಾಲಕ್ಕೆ ಮುಂಚೆ ಅಂಕಲ್ ಹೋದರು. ಲ್ಯಾಬಿನ ಕೆಲಸ ಮುಗಿಸಿ ಬಂದು ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಅವರ ವ್ಯಾನಿನಲ್ಲಿ ಒಂದಲ್ಲ ಒಂದು ದಿನ ಮುಂದೆ ಕೂತವರೆಲ್ಲ ಚಿತಾಗಾರದ ಹಾಲ್‌ನಲ್ಲಿ ಇದ್ದರು. ಆ ನೇಪಾಳಿ ವಿದ್ಯಾರ್ಥಿಯೂ ಬಂದಿದ್ದ. ಈಗ ಅವನೂ ತಲೆ ನರೆತ ಗೃಹಸ್ಥ, ಎರಡು ಮಕ್ಕಳ ತಂದೆ. ಎಲ್ಲರೂ ಹೂವು ಇಟ್ಟು ಕೈಮುಗಿದು ಬಂದರು. ಅವನು ಹೂವು ಇಟ್ಟು, ಕೈ ಎತ್ತಿ, “ಜಪ್ಪುಲೆ ಅಂಕಲ್” ಎಂದ. ತುಳು ಬಲ್ಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಂಟಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಅವನ ಕೈ ಹಿಡಿದುಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ಇಷ್ಟು ಜನರನ್ನು ಮನೆ ಮುಟ್ಟಿಸಿದ ಮನುಷ್ಯನನ್ನು ಆ ಕಡೆ ಇಳಿಸಿಕೊಳ್ಳಲು ಯಾರಾದರೂ ಬಂದಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಕಾರು ಈಗಲೂ ಟೂಂಗಾಬಿಯ ಗ್ಯಾರೇಜಿನಲ್ಲಿದೆ. ಬೆಲೆ ಇಳಿದಾಗಲೇ ಕೊಳ್ಳಬೇಕು ಎನ್ನುವವರು ಬಂದು ಕೇಳುತ್ತಾರೆ. ಇಳಿಯುವ ಆ ಮಾತು ಕೇಳಿದರೆ ಆಂಟಿಗೆ ನಗು ಬರುತ್ತದಂತೆ. ಮಾರುವ ಮಾತು ಎತ್ತುವುದಿಲ್ಲ. ನನಗೆ ಅಂಕಲ್ ನೆನಪಾದರೆ ಚಿತಾಗಾರವಾಗಲಿ, ಗ್ಯಾರೇಜಿನಲ್ಲಿ ನಿಂತ ಕಾರಾಗಲಿ ಕಣ್ಣಿಗೆ ಬರುವುದಿಲ್ಲ. ನಮ್ಮ ಗೃಹಪ್ರವೇಶದ ಬೆಳಿಗ್ಗೆ ಬರುತ್ತದೆ.

ಆವತ್ತು ಪುರೋಹಿತರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟು, ಹಚ್ಚದೆ, ಎಲ್ಲರೂ ಅಂಗಳದಲ್ಲಿ ಕಾಯುತ್ತಿದ್ದೆವು. ಪೂಜೆಗೆಂದು ಮತ್ತೆ ಬಂದಿದ್ದ ಅಪ್ಪ ರಸ್ತೆಯ ತುದಿಗೆ ಹೋಗಿ ಹೋಗಿ ನೋಡಿ ಬರುತ್ತಿದ್ದರು. ಕೊನೆಗೂ ನೀಲಿ ಕಾರು ನಿಧಾನವಾಗಿ ನಮ್ಮ ರಸ್ತೆಗೆ ತಿರುಗಿತು, ಅದರ ಹಿಂದೆ ತಾಳ್ಮೆಗೆಟ್ಟ ಮೂರು ನಾಲ್ಕು ಕಾರುಗಳು. ಮೇಲಿನ ಬಟ್ಟೆ ಮಡಚಿದ್ದರು. ಆಂಟಿಯ ಕೂದಲೆಲ್ಲ ಹಾರಿ ಹಕ್ಕಿಗೂಡಾಗಿತ್ತು, ಮುಡಿದ ಹೂವು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು, ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಅವರು ಇಷ್ಟು ಕೆದರಿಕೊಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅಂಕಲ್ ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದರು. ಆಂಟಿಯ ಮಂಡಿಗೆ ಆಸರೆಯಾಗಲೆಂದು ಎರಡೂ ಕೈ ಮುಂದೆ ಚಾಚಿದರು. ಮನೆಯಲ್ಲಿ ಅವರು ಆಂಟಿಗೆ ಏಕವಚನದಲ್ಲೇ ಮಾತಾಡುತ್ತಿದ್ದದ್ದು. ಆದರೆ ಆಗ, ಊರಿನವರನ್ನೆಲ್ಲ ಇಳಿಸುವಾಗ ಹೇಳುತ್ತಿದ್ದ ಹಾಗೆ ಮರ್ಯಾದೆಯಿಂದ, “ಜಪ್ಪುಲೆ” ಎಂದರು.

ಆಂಟಿ ನಮ್ಮನ್ನೆಲ್ಲ ನೋಡಿದರು. ಪುರೋಹಿತರನ್ನು ನೋಡಿದರು. ಗಂಡನ ಚಾಚಿದ ಕೈ ನೋಡಿದರು. ಚಕ್ಕುಲಿ ಡಬ್ಬಿಯನ್ನು ಆ ಕೈಯಲ್ಲಿ ಇಟ್ಟರು.

“ಯಾನ್ ಜಪ್ಪುಜಿ,” ಎಂದರು.

ಅಪ್ಪ ಗಾಬರಿಯಿಂದ ಮುಂದೆ ಬಂದರು. “ಯಾಕ್ರೀ ಸರ್, ಅಮ್ಮಾರಿಗೆ ಇಳಿಯಾಕೆ ಆಗಲ್ಲೇನ್ರೀ?”

“ಆಗ್ತದೆ,” ಎಂದರು ಅಂಕಲ್. ಅವರ ಮುಖ ನೋಡಬೇಕಿತ್ತು. “ಇಳಿಯುವುದಿಲ್ಲ ಅಂತೆ.”

ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, ಬಾಗಿಲು ಮೆಲ್ಲಗೆ ಮುಚ್ಚಿ, ಮತ್ತೆ ಸುತ್ತಿ ಬಂದು ಕೂತು ಕಾರು ಹೊರಡಿಸಿದರು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಹಿಂದಿನಿಂದ ಕೂಗಿದರು. ನಾನು ಒಳಗೆ ಹೋಗಿ, ಒಲೆಯ ಹತ್ತಿರ ಬೆಂಕಿಪೆಟ್ಟಿಗೆ ಹಿಡಿದು ಕಾಯುತ್ತಾ ನಿಂತೆ.